ಚೀಟಿ ಮೇಲಿನ ‘ಪಿ.ವಿ.’: ಅದೇ ಹಾರ್ಮೋನ್, ಅದೇ ಮಿಲಿಗ್ರಾಂ, ಬೇರೆ ಲೆಕ್ಕ

ಇವತ್ತಿನ ವಿಷಯಕ್ಕೆ ಇಯರ್‌ಫೋನ್ ಹಾಕ್ಕೊಳ್ಳಿ ಅಂತ ನಾನು ಹೇಳೋದಿಲ್ಲ. ಸ್ಪೀಕರ್‌ನಲ್ಲಿ ಕೇಳ್ತಿದ್ರೆ ಹಾಗೇ ಕೇಳ್ರಿ. ಯಾಕಂದ್ರೆ ಈ ಮಾತನ್ನ ಎಲ್ಲರೂ ಪಿಸುಗುಟ್ಟಿದ್ದಕ್ಕೇ ನಮ್ಮ ಮನೆಯಲ್ಲಿ ಒಂದು ತಪ್ಪಾಯ್ತು.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಓದಿದೋಳು. ನನಗೆ ಗೊತ್ತಿರೋದು ಲೆಕ್ಕ. ಇವತ್ತು ಹೇಳೋದೂ ಒಂಥರಾ ಲೆಕ್ಕಾನೇ. ಒಂದು ಔಷಧಿ ಡಬ್ಬಿ ಮೇಲೆ 200 ಮಿಲಿಗ್ರಾಂ ಅಂತ ಬರೆದಿದ್ರೆ, ಅದರಲ್ಲಿ ದೇಹಕ್ಕೆ ಸಿಗೋದು ಎಷ್ಟು, ಬೇಕಾದ ಜಾಗಕ್ಕೆ ತಲುಪೋದು ಎಷ್ಟು?

ನಮ್ಮ ಅಕ್ಕನ್ನ ಇಳಕಲ್‌ಗೆ ಕೊಟ್ಟಿದ್ದೀವಿ. ನೇಕಾರರ ಮನೆ. ಹೋದ ವರ್ಷ ಏಪ್ರಿಲ್‌ನಲ್ಲಿ ಅವಳಿಗೆ ಏಳು ವಾರ. ಅದಕ್ಕೂ ಮೊದಲು ಒಂದು ಸಲ ಹೋಗಿತ್ತು. ಒಂದು ದಿನ ಬೆಳಿಗ್ಗೆ ಸ್ವಲ್ಪ ರಕ್ತ ಕಾಣಿಸ್ತು. ಅವತ್ತೇ ಬಸ್ ಹತ್ತಿ ಹುನಗುಂದ ದಾಟಿ ಬಾಗಲಕೋಟೆಗೆ ಬಂದ್ರು. ಸ್ಕ್ಯಾನಿಂಗ್‌ನಲ್ಲಿ ಕೂಸಿನ ಹೃದಯ ಬಡಿತ ಇತ್ತು. ಡಾಕ್ಟರ್ ಪ್ರೊಜೆಸ್ಟಿರಾನ್ 200 ಮಿ.ಗ್ರಾಂ. ಕ್ಯಾಪ್ಸೂಲ್ ಬರೆದುಕೊಟ್ರು. ಯಾವ ಆಸ್ಪತ್ರೆ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಹೊರಗೆ ಪಾಳಿ ದೊಡ್ಡದಿತ್ತು, ಎಲ್ಲರಿಗೂ ಅವಸರ ಇತ್ತು.

ಚೀಟಿ ಮೇಲೆ ಔಷಧಿ ಹೆಸರಿನ ಪಕ್ಕ ಎರಡಕ್ಷರ ಇದ್ವು: ‘ಪಿ.ವಿ.’ ಹಂಗಂದ್ರೆ ಯೋನಿಯ ಮೂಲಕ, ಅಂದ್ರೆ ಒಳಗೆ ಇಟ್ಕೊಳ್ಳಬೇಕು ಅಂತ. ಮೆಡಿಕಲ್ ಶಾಪ್‌ನ ಹುಡುಗ ಬಾಯಿಬಿಟ್ಟು ಹೇಳಲಿಲ್ಲ, ಅವನಿಗೂ ನಾಚಿಕೆ ಇರಬೇಕು. ಡಬ್ಬಿ ಕೊಟ್ಟು ‘ರಾತ್ರಿಗೊಂದ್, ಮುಂಜಾನಿಗೊಂದ್’ ಅಂದ. ಅಕ್ಕ ನುಂಗಿದ್ಲು. ಆರು ದಿನ ನುಂಗಿದ್ಲು.

ಗೊತ್ತಾಗಿದ್ದು ಹೇಗೆ ಅಂದ್ರೆ, ಅವಳು ಕೂತಲ್ಲೇ ಕಂಡಿಕಿ ಸುತ್ತುವಾಗ ತೂಕಡಿಸ್ತಿದ್ದಳಂತೆ. ಫೋನ್‌ನಲ್ಲಿ ನನ್ನ ಜತೆ ಮಾತಾಡ್ತಾ ಮಾತಾಡ್ತಾ ನಾಲಿಗೆ ಎಳೀತಿತ್ತು. ‘ಗುಳಗಿ ತಗೊಂಡ ಅರ್ಧಾ ತಾಸಿಗೆ ಜೋಂಪ್ ಹತ್ತತೈತಿ ನೋಡ’ ಅಂದ್ಲು. ನಾನು ಆನ್‌ಲೈನ್‌ನಲ್ಲಿ ಹುಡುಕಿ, ‘ಅಕ್ಕಾ, ಅದನ್ನ ನುಂಗಾಕತ್ತೀಯೇನು?’ ಅಂತ ಕೇಳಿದೆ. ಅವಳು, ‘ಗುಳಗಿ ಅಂದಮ್ಯಾಲೆ ನುಂಗೂದಲ್ಲದ ಮತ್ತೇನ್ ಮಾಡ್ತಾರ?’ ಅಂದ್ಲು.

ಅವಳ ಪ್ರಶ್ನೆಯಲ್ಲಿ ತಪ್ಪೇನಿದೆ ಹೇಳ್ರಿ?

ಮತ್ತೆ ಬಾಗಲಕೋಟೆಗೆ ಹೋದ್ವಿ, ಈ ಸಲ ನಾನೂ ಒಳಗೆ ಹೋದೆ. ಡಾಕ್ಟರ್ ಮೇಡಂ ಬೈಯಲಿಲ್ಲ. ಕೂರಿಸಿ ಹೇಳಿದ್ರು. ಅವರು ಹೇಳಿದ್ದು, ಆಮೇಲೆ ನಾನು ಓದಿದ್ದು, ಎರಡನ್ನೂ ಸೇರಿಸಿ ಹೇಳ್ತೀನಿ.

ಪ್ರೊಜೆಸ್ಟಿರಾನ್ ಅಂದ್ರೆ ಗರ್ಭ ನಿಲ್ಲೋದಕ್ಕೆ ಬೇಕಾದ ಹಾರ್ಮೋನ್. ಗರ್ಭಕೋಶದ ಒಳಪದರವನ್ನ ಸಿದ್ಧ ಮಾಡುತ್ತೆ, ಅದರ ಸ್ನಾಯು ಬಿಗಿಯಾಗದಂತೆ ಸಮಾಧಾನವಾಗಿ ಇಡುತ್ತೆ. 1929ರಲ್ಲಿ ಅಮೆರಿಕದ ಜಾರ್ಜ್ ಕಾರ್ನರ್ ಮತ್ತು ವಿಲ್ಲಾರ್ಡ್ ಅಲೆನ್ ಮೊಲಗಳ ಮೇಲೆ ಪ್ರಯೋಗ ಮಾಡಿ, ಅಂಡಾಶಯದ ಒಂದು ಸಾರದಿಂದ ಗರ್ಭ ನಿಲ್ಲುತ್ತೆ ಅಂತ ತೋರಿಸಿದ್ರು. 1934ರ ಹೊತ್ತಿಗೆ ಅದರ ಶುದ್ಧ ಹರಳು ಕೈಗೆ ಸಿಕ್ತು. ಆದ್ರೆ ಕೈಗೆ ಸಿಕ್ಕ ಹಾರ್ಮೋನನ್ನ ಹೊಟ್ಟೆಗೆ ಕೊಟ್ರೆ ಕೆಲಸ ಆಗ್ತಾ ಇರಲಿಲ್ಲ. ಯಾಕೆ?

ಇಲ್ಲಿ ನನ್ನ ಕಾಮರ್ಸ್ ಉಪಯೋಗಕ್ಕೆ ಬರುತ್ತೆ. ಬಾಯಿಂದ ನುಂಗಿದ್ದು ಕರುಳಿನಿಂದ ಹೊರಟು ಮೊದಲು ಹೋಗೋದು ಲಿವರ್‌ಗೆ. ಲಿವರ್ ಅಲ್ಲೇ ಟಿಡಿಎಸ್ ಕಟ್ ಮಾಡಿಬಿಡುತ್ತೆ. ನಮ್ಮ ಸಂಬಳದಲ್ಲಿ ಹತ್ತು ಪರ್ಸೆಂಟ್ ಹಿಡಿದ್ರೇನೇ ಸಂಕಟ ಆಗುತ್ತೆ. ಪ್ರೊಜೆಸ್ಟಿರಾನ್ ವಿಷಯದಲ್ಲಿ ಲಿವರ್ ಹಿಡಿಯೋದು 90ಕ್ಕೂ ಹೆಚ್ಚು. ಹತ್ತಕ್ಕಿಂತ ಕಡಿಮೆ ಮಾತ್ರ ರಕ್ತಕ್ಕೆ ಅದೇ ರೂಪದಲ್ಲಿ ಸೇರುತ್ತೆ. ಲಿವರ್ ಒಡೆದ ತುಂಡುಗಳಲ್ಲಿ ಒಂದು ಮಿದುಳಿನ ಮೇಲೆ ನಿದ್ದೆ ಮಾತ್ರೆಯ ಹಾಗೆ ಕೆಲಸ ಮಾಡುತ್ತೆ. ಅಕ್ಕ ತೂಕಡಿಸಿದ್ದು ಅದಕ್ಕೇ.

ಅದೇ ಕ್ಯಾಪ್ಸೂಲನ್ನ ಯೋನಿಯಲ್ಲಿಟ್ರೆ ಲಿವರ್‌ನ ಗೇಟು ಮೊದಲಿಗೆ ಅಡ್ಡ ಬರಲ್ಲ. ಇನ್ನೊಂದು ವಿಶೇಷ ಅಂದ್ರೆ, ಯೋನಿಯ ಮೇಲ್ಭಾಗ ಮತ್ತು ಗರ್ಭಕೋಶ ಅಕ್ಕಪಕ್ಕದ ಮನೆ ಇದ್ದ ಹಾಗೆ. ಔಷಧಿ ಊರೆಲ್ಲಾ ಸುತ್ತೋದಕ್ಕೆ ಮೊದಲೇ ಪಕ್ಕದ ಮನೆಗೆ ಹೋಗಿಬಿಡುತ್ತೆ. 1997ರಲ್ಲಿ ಇಟಲಿಯ ಬುಲೆಟ್ಟಿ ಮತ್ತು ಸಂಗಡಿಗರು ಇದನ್ನ ತೋರಿಸಿದ್ರು. ಬೇರೆ ಕಾರಣಕ್ಕೆ ಆಪರೇಷನ್ ಮಾಡಿ ತೆಗೆದ ಗರ್ಭಕೋಶಗಳಿಗೆ ಪ್ರೊಜೆಸ್ಟಿರಾನ್ ಕೊಟ್ಟು, ಅದು ನೇರವಾಗಿ ಒಳಗೆ ಹರಡೋದನ್ನ ನೋಡಿದ್ರು. ನಾಲ್ಕೈದು ತಾಸಿನಲ್ಲಿ ತುಂಬಿಕೊಂಡಿತ್ತು.

ಸರಿ, ಅಕ್ಕ ಅವತ್ತಿನಿಂದ ಹೇಳಿದ ಹಾಗೆ ಇಟ್ಕೊಳ್ಳೋಕೆ ಶುರು ಮಾಡಿದ್ಲು. ಜೋಂಪು ಹೋಯ್ತು. ಆದ್ರೆ ಒಂದು ವಾರಕ್ಕೆ ಹೊಸ ಗಲಾಟೆ. ಡಾಕ್ಟರ್ ಬರೆಯದೇ ಇದ್ರೂ ಮನೆಯವರು ಒಂದು ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ರು. ಪ್ರೊಜೆಸ್ಟಿರಾನ್ ಅಂಕಿ ಅವರು ಎಣಿಸಿದಷ್ಟು ಇರಲಿಲ್ಲ. ಅಕ್ಕನ ಅತ್ತಿ, ‘ನುಂಗೂದ ಚಲೋ ಇತ್ತು, ಇದು ಮೈಗೆ ಹತ್ತವಲ್ದು’ ಅಂತ ಶುರು ಮಾಡಿದ್ರು. ಇಂಜೆಕ್ಷನ್ ಮಾಡಿಸೋಣ ಅಂತ ಮಾವ.

ಹತ್ತವಲ್ದು ಅನ್ನೋದು ತಪ್ಪು ಲೆಕ್ಕ. 1994ರ ಒಂದು ಪ್ರಸಿದ್ಧ ಅಧ್ಯಯನದ ಅಂಕಿ ಹೇಳ್ತೀನಿ. ಕೆಲವು ಮಹಿಳೆಯರಿಗೆ ಇಂಜೆಕ್ಷನ್, ಕೆಲವರಿಗೆ ಯೋನಿಯಲ್ಲಿ ಕ್ಯಾಪ್ಸೂಲ್. ರಕ್ತದಲ್ಲಿ ಅಳೆದಾಗ ಇಂಜೆಕ್ಷನ್‌ನವರಲ್ಲಿ ಸುಮಾರು 70, ಕ್ಯಾಪ್ಸೂಲ್‌ನವರಲ್ಲಿ ಸುಮಾರು 12. ಇಂಜೆಕ್ಷನ್ ಗೆದ್ದ ಹಾಗೆ ಕಾಣುತ್ತೆ. ಆದ್ರೆ ಗರ್ಭಕೋಶದ ಒಳಪದರದ ಚೂರು ತೆಗೆದು ಅಳೆದಾಗ ಕ್ಯಾಪ್ಸೂಲ್‌ನವರಲ್ಲೇ ಹೆಚ್ಚು, ಹತ್ತಿರ ಹತ್ತಿರ ಎಂಟು ಪಟ್ಟು. ರಕ್ತದ ರಿಪೋರ್ಟ್ ಅಂದ್ರೆ ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ. ದುಡ್ಡು ಬ್ಯಾಂಕಿಗೆ ಹೋಗದೇ ನೇರ ಮನೆಗೆ ಬಂದಿದ್ರೆ ಪಾಸ್‌ಬುಕ್‌ನಲ್ಲಿ ಕಾಣೋದೇ ಇಲ್ಲ.

ಹಾಗಂತ ರಕ್ತ ಪರೀಕ್ಷೆ ಎಲ್ಲೂ ಬೇಡ ಅಂತಲ್ಲ. ಐವಿಎಫ್‌ನಲ್ಲಿ ಫ್ರೀಜ್ ಮಾಡಿಟ್ಟ ಭ್ರೂಣವನ್ನ ಒಳಗೆ ಇಡುವಾಗ, ಎಷ್ಟೋ ಸಲ ದೇಹ ತಾನಾಗಿ ಪ್ರೊಜೆಸ್ಟಿರಾನ್ ಮಾಡ್ತಾ ಇರೋದಿಲ್ಲ, ಎಲ್ಲಾ ಹೊರಗಿನಿಂದಲೇ ಕೊಡಬೇಕು. ಅಲ್ಲಿ ರಕ್ತದ ಮಟ್ಟ ತೀರಾ ಕಡಿಮೆ ಇದ್ರೆ ಕೆಲವು ಡಾಕ್ಟರ್‌ಗಳು ಜತೆಗೆ ಇಂಜೆಕ್ಷನ್ ಸೇರಿಸ್ತಾರೆ. ಅದು ಅವರ ನಿರ್ಧಾರ. ಮನೆಯಲ್ಲಿ ಕೂತು ರಿಪೋರ್ಟ್ ನೋಡಿ ನಾವು ಮಾಡೋದಲ್ಲ.

ಈಗ ಔಷಧಿಯ ರೂಪಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಆಶ್ಚರ್ಯ ಆಗಿದ್ದು ಇದು.

ಪ್ರೊಜೆಸ್ಟಿರಾನ್ ನೀರಿನಲ್ಲಿ ಕರಗೋದಿಲ್ಲ ಅನ್ನಬಹುದು. ಯೋನಿಯಲ್ಲಿ ಇರೋ ತೇವ ಬಹಳ ಸ್ವಲ್ಪ. ಅಷ್ಟರಲ್ಲೇ ಔಷಧಿ ಬಿಡಿಸಿಕೊಂಡು, ಪದರಕ್ಕೆ ತಾಗಿ, ಒಳಗೆ ಹೀರಿಕೊಳ್ಳಬೇಕು. ಒಂದೊಂದು ರೂಪ ಇದನ್ನ ಒಂದೊಂದು ರೀತಿ ಮಾಡುತ್ತೆ.

ಅಕ್ಕನಿಗೆ ಕೊಟ್ಟಿದ್ದು ಮೆತ್ತನೆ ಕ್ಯಾಪ್ಸೂಲ್. ಹಾರ್ಮೋನನ್ನ ಬಹಳ ಸಣ್ಣಗೆ ಪುಡಿ ಮಾಡಿ, ಎಣ್ಣೆಯಲ್ಲಿ ಕಲಸಿ, ಜೆಲಾಟಿನ್ ಹೊದಿಕೆಯಲ್ಲಿ ತುಂಬಿರ್ತಾರೆ. ಡಬ್ಬಿ ಮೇಲೆ ‘ಮೈಕ್ರೋನೈಸ್ಡ್’ ಅಂತ ಇರೋದು ಇದಕ್ಕೇ. ಪುಡಿ ಸಣ್ಣದಾದಷ್ಟೂ ಹೀರಿಕೊಳ್ಳೋದು ಸುಲಭ. ಎಣ್ಣೆ ಒಂದೊಂದು ಕಂಪನಿಯದು ಒಂದೊಂದು: ಕೆಲವದರಲ್ಲಿ ಸೂರ್ಯಕಾಂತಿ, ಕೆಲವದರಲ್ಲಿ ಶೇಂಗಾ. ನಮ್ಮ ಕಡೆ ಶೇಂಗಾ ಚಟ್ನಿ ಇಲ್ಲದೆ ರೊಟ್ಟಿ ಇಳಿಯೋದಿಲ್ಲ, ಖರೆ. ಆದ್ರೆ ಶೇಂಗಾ ಅಲರ್ಜಿ ಇರೋರು ಡಾಕ್ಟರಿಗೆ ಮೊದಲೇ ಹೇಳಬೇಕು. ಈ ಎಣ್ಣೆ ಸ್ವಲ್ಪ ಹೊರಗೆ ಸೋರುತ್ತೆ, ಬಟ್ಟೆಗೆ ಹತ್ತುತ್ತೆ. ಅದಕ್ಕೇ ಒಂದನ್ನ ಮಲಗೋ ಹೊತ್ತಿಗೆ ಇಟ್ಕೊಳ್ಳಿ ಅಂತಾರೆ.

ಎರಡನೆಯದು ಯೋನಿಗೆಂದೇ ಮಾಡಿದ ಗುಳಿಗೆ. ಒಂದು ಜಾತಿಯ 100 ಮಿ.ಗ್ರಾಂ. ಗುಳಿಗೆಯಲ್ಲಿ ಅಡುಗೆ ಸೋಡಾ ಮತ್ತು ಒಂದು ಹುಳಿ ಪದಾರ್ಥ ಇರುತ್ತೆ. ತೇವ ತಾಗಿದ ಕೂಡಲೇ ಬುರುಗು ಬಂದು ಬಿಚ್ಚಿಕೊಳ್ಳುತ್ತೆ. ಬೇಗ ಬಿಚ್ಚುತ್ತೆ, ಹಾಗಾಗಿ ದಿನಕ್ಕೆ ಎರಡು ಮೂರು ಸಲ ಬೇಕು.

ಮೂರನೆಯದು ಪೆಸರಿ. ಗಟ್ಟಿ ಕೊಬ್ಬಿನಲ್ಲಿ ಹಾರ್ಮೋನ್ ಬೆರೆಸಿ ಅಚ್ಚು ಹಾಕಿದ್ದು. ಮೈ ಬಿಸಿಗೆ ಕರಗುತ್ತೆ.

ನಾಲ್ಕನೆಯದು ಜೆಲ್. ಟ್ಯೂಬಿನ ಹಾಗಿರೋ ಅಪ್ಲಿಕೇಟರ್‌ನಲ್ಲಿ ಬರುತ್ತೆ. 8 ಪರ್ಸೆಂಟ್ ಜೆಲ್, ಒಂದು ಸಲಕ್ಕೆ 1.125 ಗ್ರಾಂ, ಅದರಲ್ಲಿ ಹಾರ್ಮೋನ್ 90 ಮಿ.ಗ್ರಾಂ. ಇದರಲ್ಲಿರೋ ಅಂಟು ಪದಾರ್ಥ ಯೋನಿಯ ಪದರಕ್ಕೆ ಕಚ್ಚಿಕೊಂಡು ಹಾರ್ಮೋನನ್ನ ನಿಧಾನಕ್ಕೆ ಬಿಡುತ್ತೆ. ರಕ್ತಕ್ಕೆ ಹೋದ ಪ್ರೊಜೆಸ್ಟಿರಾನ್ ನಿಮಿಷಗಳಲ್ಲೇ ಖಾಲಿಯಾಗ್ತಾ ಬರುತ್ತೆ. ಆದ್ರೆ ಜೆಲ್‌ನಲ್ಲಿರೋ ಔಷಧಿಯ ಅರ್ಧ ಭಾಗ ಒಳಗೆ ಹೀರಿಕೊಳ್ಳೋಕೆ 25ರಿಂದ 50 ತಾಸು ಬೇಕು. ಅಂದ್ರೆ ದೊಡ್ಡ ಟ್ಯಾಂಕಿಗೆ ಸಣ್ಣ ನಲ್ಲಿ ಹಚ್ಚಿದ ಹಾಗೆ. ಐವಿಎಫ್‌ನಲ್ಲಿ ಈ ಜೆಲ್ ದಿನಕ್ಕೆ ಒಂದೇ ಸಲ 90 ಮಿ.ಗ್ರಾಂ. ಕೊಡೋದುಂಟು. ಅದೇ ಕೆಲಸಕ್ಕೆ ಕ್ಯಾಪ್ಸೂಲ್ ಆದ್ರೆ ಸಾಮಾನ್ಯವಾಗಿ ದಿನಕ್ಕೆ 600.

90 ಎಲ್ಲಿ, 600 ಎಲ್ಲಿ? ಮಿಲಿಗ್ರಾಂ ನೋಡಿ ‘ಇದು ಕಡಿಮೆ ಪವರ್, ಅದು ಜಾಸ್ತಿ ಪವರ್’ ಅನ್ನೋಕೆ ಬರೋದಿಲ್ಲ ಅಂತ ಇದರಲ್ಲೇ ಗೊತ್ತಾಗುತ್ತೆ.

ಬಾದಾಮಿಯಲ್ಲಿರೋ ನನ್ನ ಗೆಳತಿ ಒಬ್ಬಳು ಈ ಜೆಲ್ ತಗೋತಿದ್ಲು. ನಾಲ್ಕೈದು ದಿನಕ್ಕೆ ಬಿಳಿ ಬಿಳಿ ಮುದ್ದೆ ಹೊರಗೆ ಬಂತು. ‘ಅಷ್ಟು ರೊಕ್ಕ ಕೊಟ್ಟಿದ್ದು ಎಲ್ಲಾ ಹೊರಗ ಬರಾಕತ್ತೇತಿ’ ಅಂತ ಗಾಬರಿಯಾಗಿ ಒಂದು ದಿನ ಬಿಟ್ಟೇಬಿಟ್ಲು. ಆ ಮುದ್ದೆ ಏನಂದ್ರೆ, ಹೆಚ್ಚಿನ ಪಾಲು ಕೆಲಸ ಮುಗಿಸಿದ ಅಂಟು. ಹೊರಗೆ ಬಂದದ್ದನ್ನ ನೋಡಿ ಒಳಗೆ ಎಷ್ಟು ಹೋಯ್ತು ಅಂತ ಲೆಕ್ಕ ಹಾಕಬಾರದು. ಬಿಡೋದಕ್ಕೆ ಮೊದಲು ಆಸ್ಪತ್ರೆಗೆ ಒಂದು ಫೋನ್ ಮಾಡಬೇಕಿತ್ತು.

ಇನ್ನೂ ಒಂದು ರೂಪ ಇದೆ, ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಬಹಳ ಸಿಗುತ್ತೆ: ಪ್ರೊಜೆಸ್ಟಿರಾನ್ ‘ಎಸ್.ಆರ್.’ ಗುಳಿಗೆ. ಎಸ್.ಆರ್. ಅಂದ್ರೆ ನಿಧಾನಕ್ಕೆ ಬಿಡೋದು. ಇದು ನುಂಗಲಿಕ್ಕೆಂದೇ ಮಾಡಿದ್ದು. ಇದರ ಮೇಲೂ 200 ಅಂತ ಇರುತ್ತೆ, ಕ್ಯಾಪ್ಸೂಲ್ ಮೇಲೂ 200 ಅಂತ ಇರುತ್ತೆ. ‘ಅದು ಸ್ಟಾಕ್ ಇಲ್ರಿ, ಸೇಮ್ ಇದೂ ಅದs’ ಅಂತ ಅಂಗಡಿಯಲ್ಲಿ ಕೊಟ್ರೆ, ಹಾರ್ಮೋನ್ ಸೇಮ್ ಇರಬಹುದು, ಆದ್ರೆ ಔಷಧಿ ಸೇಮ್ ಅಲ್ಲ. ಡಾಕ್ಟರನ್ನ ಕೇಳದೆ ಬದಲಿಸಬೇಡಿ.

ಇನ್ನು ಬಿಸಿಲು. ಏಪ್ರಿಲ್, ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತೆ. ತಗಡಿನ ಮನೆಯೊಳಗೆ ಹೇಗಿರುತ್ತೆ ನಿಮಗೇ ಗೊತ್ತು. ಮೈ ಬಿಸಿಗೆ, ಅಂದ್ರೆ 37 ಡಿಗ್ರಿಗೆ ಕರಗಲಿ ಅಂತ ಮಾಡಿದ ಪೆಸರಿ, ಇಳಕಲ್‌ನ ಕಪಾಟಿನಲ್ಲಿ ತಾನೇ ಕರಗಿ ಕೂತಿರುತ್ತೆ. ಮತ್ತೆ ಗಟ್ಟಿಯಾದ್ರೂ ಔಷಧಿ ಒಂದೇ ಸಮ ಹರಡಿರುತ್ತೆ ಅನ್ನೋ ಹಾಗಿಲ್ಲ. ಕ್ಯಾಪ್ಸೂಲ್ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತೆ. ಅಕ್ಕನ ಡಬ್ಬಿಯಲ್ಲಿ ಎರಡು ಹಾಗೇ ಆಗಿದ್ವು. ಡಬ್ಬಿ ಮೇಲೆ ಎಷ್ಟು ಡಿಗ್ರಿ ಒಳಗೆ ಇಡಬೇಕು ಅಂತ ಬರೆದಿರುತ್ತೆ, 25 ಅಥವಾ 30. ನೀರಿನ ಗಡಿಗೆ ಪಕ್ಕ ಇಡಬೇಡಿ, ಜೆಲಾಟಿನ್‌ಗೆ ತೇವ ಆಗಲ್ಲ. ಬಸ್ಸಿನಲ್ಲಿ ಬರುವಾಗ ಕಿಟಕಿ ಬಿಸಿಲಿಗೆ ಬ್ಯಾಗ್ ಇಡಬೇಡಿ. ಫ್ರಿಜ್‌ನಲ್ಲಿ ಇಡಬಹುದಾ ಅಂತ ಅಂಗಡಿಯಲ್ಲೇ ಕೇಳಿ. ಫ್ರೀಜರ್ ಮಾತ್ರ ಬೇಡ.

ಇದು ಬಸುರಿ ಹೆಂಗಸರದ್ದೇ ವಿಷಯ ಅಂದ್ಕೋಬೇಡಿ. ಹುನಗುಂದದಲ್ಲಿ ನಮ್ಮ ಸೋದರತ್ತಿ ಇದ್ದಾರೆ. ಮುಟ್ಟು ನಿಂತು ಐದಾರು ವರ್ಷ ಆಗಿದೆ. ಒಳಗೆ ಒಣಗಿ ಉರಿ, ಮೇಲಿಂದ ಮೇಲೆ ಉರಿಮೂತ್ರ. ಡಾಕ್ಟರ್ ಈಸ್ಟ್ರೊಜೆನ್ ಕ್ರೀಂ ಕೊಟ್ಟಿದ್ದಾರೆ. ಅತ್ತಿಯ ಲೆಕ್ಕ ಏನಂದ್ರೆ, ಉರಿ ಹೆಚ್ಚಾದ ದಿನ ಹೆಚ್ಚು ಹಚ್ಚೋದು. ಇಲ್ಲೂ ರೂಪದ ಆಟ ಇದೆ. ಕ್ರೀಂ ಎಷ್ಟು ಹಿಂಡಿದ್ರೆ ಅಷ್ಟು ಡೋಸ್, ಕೈ ಮೇಲೆ ಹಿಡಿತ ಬೇಕು. ಜತೆಗೆ ಮೊದಲ ವಾರಗಳಲ್ಲಿ ಒಳಪದರ ತೆಳ್ಳಗಿರುತ್ತೆ, ಹಾಗಾಗಿ ಹಾರ್ಮೋನ್ ರಕ್ತಕ್ಕೆ ಹೆಚ್ಚು ಸೇರುತ್ತೆ. ಔಷಧಿಯಿಂದ ಪದರ ದಪ್ಪ ಆದ ಮೇಲೆ ಸೇರೋದು ಕಡಿಮೆಯಾಗುತ್ತೆ.

ಗುಳಿಗೆ ರೂಪದಲ್ಲಿ ಅಳತೆ ಖಚಿತ. 10 ಮೈಕ್ರೋಗ್ರಾಂ ಗುಳಿಗೆ, ಮೊದಲ ಎರಡು ವಾರ ದಿನಕ್ಕೊಂದು, ಆಮೇಲೆ ವಾರಕ್ಕೆರಡು. ವರ್ಷಕ್ಕೆ ಲೆಕ್ಕ ಹಾಕ್ರಿ: 14, ಮತ್ತೆ 50 ವಾರಕ್ಕೆ 100, ಒಟ್ಟು 114 ಗುಳಿಗೆ. ಇಡೀ ವರ್ಷಕ್ಕೆ 1.14 ಮಿಲಿಗ್ರಾಂ! ಅಷ್ಟೇ ಸಾಕು, ಯಾಕಂದ್ರೆ ಕೆಲಸ ಆಗಬೇಕಾದ ಜಾಗದಲ್ಲೇ ಇಟ್ಟಿದೆ. ಅಮೆರಿಕದಲ್ಲಿ ಎರಡು ಬಗೆ ಈಸ್ಟ್ರೊಜೆನ್ ಉಂಗುರ ಸಿಗುತ್ತೆ, ಎರಡನ್ನೂ ಮೂರು ತಿಂಗಳು ಯೋನಿಯಲ್ಲೇ ಇಟ್ಕೊಳ್ಳೋದು. ಒಂದು ದಿನಕ್ಕೆ 7.5 ಮೈಕ್ರೋಗ್ರಾಂ ಬಿಡುತ್ತೆ, ಅದು ಅಲ್ಲಿಯ ಉರಿಗೆ ಮಾತ್ರ. ಇನ್ನೊಂದು 50 ಅಥವಾ 100 ಬಿಡುತ್ತೆ, ಅದು ಇಡೀ ಮೈಗೆ. ಇಟ್ಟ ಜಾಗ ಒಂದೇ, ಕೆಲಸ ಬೇರೆ ಬೇರೆ. ಅತ್ತಿಗೆ ನಾನು ಹೇಳಿದ್ದು ಇಷ್ಟು: ಗೆರೆ ಇರೋ ಅಪ್ಲಿಕೇಟರ್‌ನಲ್ಲೇ ಅಳತೆ ಮಾಡ್ರಿ, ಮುಟ್ಟು ನಿಂತ ಮೇಲೆ ಯಾವತ್ತಾದ್ರೂ ರಕ್ತ ಕಂಡ್ರೆ ಅವತ್ತೇ ತೋರಿಸ್ರಿ.

ಈಗ ಅಕ್ಕನ ವಿಷಯ ಮುಗಿಸ್ತೀನಿ. ಹತ್ತನೇ ವಾರದ ಸ್ಕ್ಯಾನಿಂಗ್‌ನಲ್ಲಿ ಕೂಸಿನ ಬಡಿತ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತು ಅಕ್ಕ ಕೇಳಿದ್ದು ಒಂದೇ ಮಾತು: ‘ನಾ ನುಂಗಿದ್ದಕ್ಕs ಹೋತೇನ?’

ಮನೆಯಲ್ಲೂ ಒಬ್ಬಿಬ್ಬರು ಹಂಗಂದ್ರು. ಆಮೇಲೆ ಅವಳನ್ನ ಒಳಗೆ ಕರಕೊಂಡು ಹೋಗಿ ಡಾಕ್ಟರ್ ಮೇಡಂ ಬಾಯಿಂದಲೇ ಹೇಳಿಸಿದೆ: ಇಲ್ಲ, ಅದಕ್ಕಲ್ಲ. ಇಷ್ಟು ಬೇಗ ಹೋಗೋ ಗರ್ಭಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುವಿನ ದೋಷ. ಅದನ್ನ ಯಾವ ಹಾರ್ಮೋನ್, ಯಾವ ರೂಪದಲ್ಲಿ ಕೊಟ್ರೂ ಸರಿ ಮಾಡೋಕಾಗಲ್ಲ.

ನಾನು ಆಮೇಲೆ ಓದಿದ ಅಂಕಿನೂ ಅದನ್ನೇ ಹೇಳುತ್ತೆ. ಬ್ರಿಟನ್‌ನಲ್ಲಿ ಪ್ರಿಸಂ ಅಂತ ಒಂದು ದೊಡ್ಡ ಅಧ್ಯಯನ ಆಯ್ತು, 2019ರಲ್ಲಿ ಪ್ರಕಟವಾಯ್ತು. 48 ಆಸ್ಪತ್ರೆ, 4,153 ಮಹಿಳೆಯರು, ಎಲ್ಲರಿಗೂ ಆರಂಭದಲ್ಲೇ ರಕ್ತ ಕಾಣಿಸಿಕೊಂಡಿತ್ತು. ಅರ್ಧ ಜನರಿಗೆ 400 ಮಿ.ಗ್ರಾಂ. ಪ್ರೊಜೆಸ್ಟಿರಾನ್ ಪೆಸರಿ ದಿನಕ್ಕೆರಡು, ಉಳಿದವರಿಗೆ ಔಷಧಿ ಇಲ್ಲದ ಪೆಸರಿ. ಜೀವಂತ ಮಗು ಹುಟ್ಟಿದ್ದು 75 ಪರ್ಸೆಂಟ್, ಮತ್ತು 72 ಪರ್ಸೆಂಟ್. ಅಷ್ಟು ಸಣ್ಣ ವ್ಯತ್ಯಾಸ ಔಷಧಿಯಿಂದಲೇ ಬಂತು ಅನ್ನೋಕಾಗಲ್ಲ. ಆದ್ರೆ ಮೊದಲು ಒಂದಾದ್ರೂ ಗರ್ಭಪಾತ ಆಗಿದ್ದವರಲ್ಲಿ 75 ಮತ್ತು 70. ಮೂರು ಅಥವಾ ಅದಕ್ಕಿಂತ ಹೆಚ್ಚು ಆಗಿದ್ದವರಲ್ಲಿ 72 ಮತ್ತು 57. ಅದಕ್ಕೇ 2021ರಿಂದ ಬ್ರಿಟನ್‌ನ ಸರ್ಕಾರಿ ಮಾರ್ಗಸೂಚಿ, ರಕ್ತ ಕಾಣಿಸಿದ್ದು ಮತ್ತು ಹಿಂದೆ ಗರ್ಭಪಾತ ಆಗಿದ್ದು, ಎರಡೂ ಇದ್ದವರಿಗೆ ಇದನ್ನ ಕೊಡಿ ಅನ್ನುತ್ತೆ. ಅಕ್ಕನಿಗೆ ಎರಡೂ ಇತ್ತು. ಔಷಧಿ ಬರೆದಿದ್ದು ಸರಿ ಇತ್ತು.

ಅಂದ್ರೆ, ಸರಿಯಾಗಿ ತಗೊಂಡವರಲ್ಲೂ ನೂರಕ್ಕೆ ಇಪ್ಪತ್ತೈದು ಮಂದಿಗೆ ಹೋಗಿದೆ. ಏನೂ ಔಷಧಿ ತಗೊಳ್ಳದೇ ಇದ್ದ ನೂರರಲ್ಲಿ ಎಪ್ಪತ್ತು ಮಂದಿಗೆ ಉಳಿದಿದೆ. ಆರು ದಿನ ನುಂಗಿದ ಹೆಣ್ಣುಮಗಳ ತಲೆ ಮೇಲೆ ಈ ಭಾರ ಹಾಕೋಕೆ ಯಾರಿಗೂ ಹಕ್ಕಿಲ್ಲ. ಅವಳಿಗೂ ಇಲ್ಲ.

ಹಾಗಾದ್ರೆ ಇದನ್ನೆಲ್ಲಾ ಯಾಕೆ ಹೇಳಿದೆ? ತಪ್ಪಿನಿಂದಲೇ ಗರ್ಭ ಹೋಯ್ತು ಅಂತಲ್ಲ. ಸಿಗಬೇಕಾದ ಅವಕಾಶ, ಅದು ನೂರರಲ್ಲಿ ಐದೇ ಇರಲಿ, ಪೂರ್ತಿ ಸಿಗಬೇಕು ಅಂತ. ಅದು ಸಿಗದೇ ಇದ್ದದ್ದು ಎರಡಕ್ಷರವನ್ನ ಯಾರೂ ಬಾಯಿಬಿಟ್ಟು ಹೇಳಲಿಲ್ಲ ಅನ್ನೋ ಕಾರಣಕ್ಕೆ.

ಹಂಗಾಗಿ ಮೂರು ಪ್ರಶ್ನೆ. ಅಕ್ಕನಿಗೋ, ಹೆಂಡತಿಗೋ, ಅವ್ವನಿಗೋ ಹಾರ್ಮೋನ್ ಔಷಧಿ ತರೋಕೆ ಹೋದ್ರೆ ಕೇಳಿ. ಗಂಡುಮಕ್ಕಳೂ ಕೇಳಿ, ಅಂಗಡಿಗೆ ಹೋಗೋದು ಎಷ್ಟೋ ಸಲ ನೀವೇ. ಒಂದು, ಇದು ನುಂಗೋದಾ, ಒಳಗೆ ಇಟ್ಕೊಳ್ಳೋದಾ? ಎರಡು, ಚೀಟಿಯಲ್ಲಿ ಬರೆದ ರೂಪವೇ ಇದಾ? ಕ್ಯಾಪ್ಸೂಲಾ, ಜೆಲ್ಲಾ, ಎಸ್.ಆರ್. ಗುಳಿಗೆಯಾ? ಮೂರು, ಈ ಬಿಸಿಲಿನಲ್ಲಿ ಎಲ್ಲಿ ಇಡಬೇಕು? ಉತ್ತರವನ್ನ ಡಬ್ಬಿ ಮೇಲೆ ಪೆನ್ನಿನಿಂದ ಕನ್ನಡದಲ್ಲಿ ಬರೆಸಿಕೊಳ್ಳಿ. ಒಂದು ಔಷಧಿ ಇಟ್ಕೊಳ್ಳೋವಾಗ ಸೋಂಕಿಗೆ ಅಂತ ಬೇರೆ ಕ್ರೀಂ ಏನಾದ್ರೂ ಅಲ್ಲೇ ಹಚ್ತಾ ಇದ್ರೆ ಅದನ್ನೂ ಡಾಕ್ಟರಿಗೆ ಹೇಳಿ.

ಈ ಸಂಚಿಕೆಯನ್ನ ನಿಮಗಿಂತ ಮೊದಲು ಅಕ್ಕ ಕೇಳಿದ್ದಾಳೆ. ಎಲ್ಲಾದ್ರೂ ತೆಗೀಬೇಕಾ ಅಂದೆ. ‘ನನ್ನ ಹೆಸರೊಂದ್ ಹೇಳಬ್ಯಾಡ, ಉಳಿದದ್ದೆಲ್ಲಾ ಹೇಳ. ಪಿ.ವಿ. ಅಂದ್ರೇನಂತ ಎರಡ ಸಲ ಹೇಳ’ ಅಂದ್ಲು.

ಪಿ.ವಿ. ಅಂದ್ರೆ ಯೋನಿಯ ಮೂಲಕ. ನುಂಗೋದಲ್ಲ, ಒಳಗೆ ಇಟ್ಕೊಳ್ಳೋದು.

ನಿಮ್ಮ ಮನೆಯ ಗ್ರೂಪಿನಲ್ಲಿ ಹಾಕ್ರಿ, ಯಾರಾದ್ರೂ ಬೈದ್ರೆ ನನ್ನ ಹೆಸರು ಹೇಳ್ರಿ. ಮುಂದಿನ ವಾರ ಸಿಗೋಣ.